ಮನೆಯ ಹಿಂದೊಂದು ಜೀಪು

ಅಮೆರಿಕದ ಯೂಟಾ ರಾಜ್ಯದ ಮೋಆಬ್ ಊರಿನ ಸುತ್ತೆಲ್ಲ ಕೆಂಪು ಬಂಡೆಗಳು. ಆ ಬಂಡೆಯ ದಾರಿಗಳನ್ನು ಹತ್ತಲು ಜೀಪಿನಂಥ ಗಾಡಿಯೇ ಬೇಕು. ಹೀಗಾಗಿ ಅಡುಗೆಮನೆ, ಹಾಸಿಗೆಗಳಿರುವ ಮೋಟರ್‌ಹೋಮ್‌ನಲ್ಲಿ ಬರುವವರು ಜೀಪನ್ನು ಹಿಂದೆ ಕಟ್ಟಿ, ನಾಲ್ಕೂ ಚಕ್ರ ನೆಲದ ಮೇಲೆ ಉರುಳುವಂತೆ ಎಳೆದು ತರುತ್ತಾರೆ.

ಬೆಳಗ್ಗೆ ಶಿಬಿರದಲ್ಲಿ ಒಂದು ಕುಟುಂಬ ಹೊರಟು ನಿಂತಿತ್ತು. ಎಳೆಯುವ ಕಂಬಿಗೆ ಪಿನ್ನು, ಅಡ್ಡಹಾಯಿಸಿದ ಸರಪಳಿ, ದೀಪದ ತಂತಿ, ಜೀಪಿಗೂ ಬ್ರೇಕ್ ಹಿಡಿಸುವ ಸಾಧನ, ಎಲ್ಲ ಆಗಿತ್ತು.

“ಅಪ್ಪಾ, ನ್ಯೂಟ್ರಲ್?” ಎಂದಳು ಪಟ್ಟಿ ಹಿಡಿದಿದ್ದ ಮಗಳು.

ತಂದೆ ಇಳಿದು ನೋಡಿದರು. ಎಂಜಿನ್ನಿನ ಬಲವನ್ನು ನಾಲ್ಕೂ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಇನ್ನೂ ನ್ಯೂಟ್ರಲ್‌ಗೆ ಬಂದಿರಲಿಲ್ಲ! ಹಾಗೆಯೇ ಎಳೆದಿದ್ದರೆ ಗೇರ್‌ಬಾಕ್ಸ್ ಹಾಳಾಗುತ್ತಿತ್ತು. ಅವರು ಲಿವರ್ ಸರಿಸಿ, “ಪಟ್ಟಿಯನ್ನು ಮೊದಲಿನಿಂದ ಓದು” ಎಂದರು.