ಅರ ಹಿಡಿಯುವ ಮೊದಲು

ನಮ್ಮ ಬೊಕ್ಕಾಪುರಂ ಹೆಸರು ಹೇಳಿದರೆ ಹೊರಗಿನವರಿಗೆ ಮಾರಿಯಮ್ಮನ ಹಬ್ಬ ನೆನಪಾಗುತ್ತದೆ, ಇಲ್ಲವೇ ಆನೆ. ಸ್ವಲ್ಪ ಓದಿಕೊಂಡವರಾದರೆ ಕೆನೆತ್ ಆಂಡರ್ಸನ್ ಹೆಸರೆತ್ತುತ್ತಾರೆ. 1954ರಲ್ಲಿ ಬಂದ ಅವರ ಪುಸ್ತಕದಲ್ಲಿ ನಮ್ಮ ಪಕ್ಕದ ಸೀಗೂರಿನ ನರಭಕ್ಷಕ ಹುಲಿಯ ಕಥೆ ಇದೆ. ಅದನ್ನು ಓದಿದವರು, "ನಿಮ್ ಕಡೆ ಮನೆಮನೆಗೂ ಬಂದೂಕು ಇರುತ್ತಂತೆ?" ಎಂದು ಕೇಳುವುದುಂಟು. ಇಲ್ಲ ಸ್ವಾಮಿ. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಬೇಟೆಗೆ ಕಡಿವಾಣ ಬಿತ್ತು. ನಾನು ಬಂದೂಕು ಮುಟ್ಟಿದ್ದು ಈ ಊರಿನಲ್ಲಲ್ಲ, ಮೈಸೂರಿನಲ್ಲಿ. ಅದೂ ಹೊಟ್ಟೆಪಾಡಿಗೆ.

ವಯಸ್ಸಿನಲ್ಲಿ ತೆಪ್ಪಕಾಡು, ಬಂಡೀಪುರ, ಗುಂಡ್ಲುಪೇಟೆ ದಾಟಿ ಹೋಗಿ ಒಂದು ಬಂದೂಕು ರಿಪೇರಿ ಅಂಗಡಿ ಸೇರಿದೆ. ಬಂದೂಕು ಇಟ್ಟುಕೊಳ್ಳುವುದಕ್ಕೆ ಮಾತ್ರವಲ್ಲ, ರಿಪೇರಿ ಮಾಡುವುದಕ್ಕೂ 1959ರ ಆಯುಧ ಕಾಯ್ದೆಯಲ್ಲಿ ಲೈಸೆನ್ಸ್ ಬೇಕು. ಲೈಸೆನ್ಸ್ ಉಸ್ತಾದರದು, ಅರ ಉಜ್ಜುವ ಕೆಲಸ ನನ್ನದು.

ಒಂದು ದಿನ ಗೂಡಲೂರು ಕಡೆಯ ಟೀ ತೋಟದ ಹಿರಿಯರೊಬ್ಬರು .32ರ ಹಳೆಯ ರಿವಾಲ್ವರ್ ತಂದರು. ಅದಕ್ಕೆ ನನಗಿಂತ ಹೆಚ್ಚು ವಯಸ್ಸು. "ಗುಂಡು ಕೆಳಕ್ಕೆ ಬೀಳ್ತಿದೆ, ಸರಿ ಮಾಡಿಕೊಡಿ" ಅಂದರು. ಅಭ್ಯಾಸದ ಮೈದಾನಕ್ಕೆ ಹೋಗಿ ಅವರೇ ಹಾರಿಸಿ ತೋರಿಸಿದರು. 10 ಮೀಟರ್ ದೂರದ ಕಾಗದದಲ್ಲಿ ಆರೂ ಗುಂಡು ಗುರಿಗಿಂತ ಸುಮಾರು 8 ಸೆಂಟಿಮೀಟರ್ ಕೆಳಗೆ ಬಿದ್ದಿದ್ದವು. ಉಸ್ತಾದರು "ಬಿಟ್ಟು ಹೋಗಿ, ನಿಧಾನಕ್ಕೆ ನೋಡೋಣ" ಅಂದರು.

ಇಂಥ ಹಳೆಯ ರಿವಾಲ್ವರಿನಲ್ಲಿ ಗುರಿ ತಿದ್ದಲು ತಿರುಪು ಇರುವುದಿಲ್ಲ. ಹಿಂದೆ ಚೌಕಟ್ಟಿನಲ್ಲೇ ಕೊರೆದ ಒಂದು ಗಾಡಿ, ಮುಂದೆ ನಳಿಗೆಯ ತುದಿಯಲ್ಲಿ ಒಂದು ಉಬ್ಬು. ಆ ಉಬ್ಬನ್ನು ಉಸ್ತಾದರು ಮಕ್ಖಿ ಎನ್ನುತ್ತಿದ್ದರು, ಅಂದರೆ ನೊಣ. ನೊಣ ಎತ್ತರವಾದರೆ ಗುಂಡು ಕೆಳಗೆ ಬೀಳುತ್ತದೆ. ನೊಣವನ್ನು ತಗ್ಗಿಸಿದರೆ, ಗುರಿ ಹಿಡಿಯುವಾಗ ನಳಿಗೆಯನ್ನು ಅಷ್ಟು ಮೇಲೆತ್ತಬೇಕಾಗುತ್ತದೆ, ಗುಂಡೂ ಮೇಲೇರುತ್ತದೆ. ಎಷ್ಟು ತಗ್ಗಿಸಬೇಕು ಎನ್ನುವುದು ಶಾಲೆಯ ಸಮರೂಪ ತ್ರಿಭುಜದ ಲೆಕ್ಕ. ಗಾಡಿಗೂ ನೊಣಕ್ಕೂ ನಡುವೆ 125 ಮಿಲಿಮೀಟರ್, ಕಾಗದಕ್ಕೆ 10,000 ಮಿಲಿಮೀಟರ್, ಅಂದರೆ 80 ಪಟ್ಟು. 80 ಮಿಲಿಮೀಟರ್ ತಪ್ಪಿಗೆ ನೊಣದ ತಲೆಯಲ್ಲಿ ಒಂದೇ ಒಂದು ಮಿಲಿಮೀಟರ್ ಉಜ್ಜಿದರೆ ಸಾಕು.

ಲೆಕ್ಕ ಬಂದಿತಲ್ಲ ಎಂಬ ಹುಮ್ಮಸ್ಸು ನನಗೆ. ಉಸ್ತಾದರು ನಮಾಜಿಗೆ ಹೋದ ಹೊತ್ತಿನಲ್ಲಿ ಅರ ತೆಗೆದುಕೊಂಡು ಪೂರ್ತಿ ಒಂದು ಮಿಲಿಮೀಟರ್ ಉಜ್ಜಿಬಿಟ್ಟೆ. ಹೊಗಳುತ್ತಾರೆ ಅಂದುಕೊಂಡಿದ್ದೆ. ಅವರು ನೊಣದ ಮೇಲೆ ಬೆರಳಾಡಿಸಿ ಏನೂ ಮಾತಾಡಲಿಲ್ಲ.

ಮರುದಿನ ಮೈದಾನದಲ್ಲಿ ಮೊದಲು ಉಸ್ತಾದರೇ ಹಾರಿಸಿದರು. ಗುಂಡುಗಳು ಗುರಿಗಿಂತ 8 ಸೆಂಟಿಮೀಟರ್ ಮೇಲೆ! ಅಂದರೆ ನಾನು ಉಜ್ಜುವ ಮುಂಚೆ ರಿವಾಲ್ವರ್ ಸರಿಯಾಗಿಯೇ ಇತ್ತು. ಆಮೇಲೆ ಆರು ಮನೆಗಳಲ್ಲಿ ನಾಲ್ಕಕ್ಕೆ ಗುಂಡು, ಎರಡಕ್ಕೆ ಸುಟ್ಟ ಖಾಲಿ ತೋಟಾ ಹಾಕಿ, ಯಾವುದು ಎಲ್ಲಿದೆ ಎಂದು ಹೇಳದೆ ಹಿರಿಯರ ಕೈಗೆ ಕೊಟ್ಟರು. ಖಾಲಿ ತೋಟಾ ಬಂದಾಗ ಕುದುರೆ 'ಟಕ್' ಅಂದಿತು, ಸದ್ದಿಲ್ಲ, ಹೊಗೆಯಿಲ್ಲ. ಆದರೂ ನಳಿಗೆಯ ಮೂತಿ ಕೆಳಕ್ಕೆ ಬಾಗಿತು. ಸದ್ದಿಗೆ ಹೆದರಿ ಕೈ ಮೊದಲೇ ಕುಸಿಯುತ್ತಿತ್ತು. ಸಣ್ಣ ನಡುಕವೂ ಇತ್ತು.

"ಸಾರ್, ಇದು ಗನ್ನಿನ ತಪ್ಪಲ್ಲ" ಎಂದು ಉಸ್ತಾದರು ಮೆತ್ತಗೆ ಹೇಳಿದರು. ಹಿರಿಯರು ತಮ್ಮ ಕೈಯನ್ನು ತಾವೇ ನೋಡಿಕೊಂಡು ನಿಂತರು. ಹೆಂಡತಿ ತೀರಿಕೊಂಡ ಮೇಲೆ ಬಂಗಲೆಯಲ್ಲಿ ಒಬ್ಬರೇ ಇದ್ದರಂತೆ. ರಾತ್ರಿ ತಲೆದಿಂಬಿನ ಪಕ್ಕ ಅದು ಇರುವುದೇ ಧೈರ್ಯ. "ನಂಗೂ ಅನುಮಾನ ಇತ್ತು. ಗನ್ ಕೆಟ್ಟಿದೆ ಅಂತ ನೀವು ಹೇಳ್ತೀರೇನೋ ಅಂತ ತಂದೆ" ಅಂದರು. ನಾನು ಅರ ಹಿಡಿದು ಮಾಡಿದ್ದೂ ಅದನ್ನೇ. ಅವರ ನಡುಕಕ್ಕೆ ತಕ್ಕಂತೆ ರಿವಾಲ್ವರನ್ನು ತಿದ್ದಿದ್ದೆ. ನಡುಕ ಹಾಗೇ ಉಳಿದಿತ್ತು.

ಉಜ್ಜಿದ ಕಬ್ಬಿಣ ಹಿಂದಕ್ಕೆ ಬರುವುದಿಲ್ಲ. ನೊಣದ ಮೇಲೆ ಉಕ್ಕಿನ ಚೂರು ಇಟ್ಟು ಬೆಳ್ಳಿ ಬೆಸುಗೆ ಹಾಕಿ, ಎರಡು ಉಜ್ಜು ಉಜ್ಜಿದರೆ ಒಂದು ಸಲ ಹಾರಿಸಿ ನೋಡುವುದು, ಹೀಗೆ ಮೂರು ದಿನ ಹಿಡಿಯಿತು. ಆ ಖರ್ಚು ನನ್ನ ಸಂಬಳದಿಂದ ಹೋಯಿತು. ಆಗ ಉಸ್ತಾದರು ಕಲಿಸಿದ ಕ್ರಮ ಇದು: ಮೊದಲು ಕೈ ನೋಡು, ಆಮೇಲೆ ಗುಂಡು ನೋಡು, ಕೊನೆಗೆ ಅರ. ಗುಂಡು ಯಾಕೆಂದರೆ, ಅದು ನಳಿಗೆಯೊಳಗೆ ಇರುವಾಗಲೇ ಮೂತಿ ಮೇಲೇಳಲು ಶುರುವಾಗುತ್ತದೆ. ಭಾರದ ಗುಂಡು ನಿಧಾನಕ್ಕೆ ಹೊರಬರುವುದರಿಂದ ಮೇಲೆ ತಾಗುತ್ತದೆ, ಹಗುರದ ಗುಂಡು ಬೇಗ ಹೊರಬಿದ್ದು ಕೆಳಗೆ ತಾಗುತ್ತದೆ. ಗುಂಡು ಬದಲಾಯಿಸಿದರೆ ಸರಿಹೋಗುವುದಕ್ಕೆ ಅರ ಹಾಕಬಾರದು.

ಸರಿಯಾದ ರಿವಾಲ್ವರನ್ನು ಹಿರಿಯರು ಮನೆಗೆ ಒಯ್ಯಲಿಲ್ಲ. ಠಾಣೆಗೆ ಒಪ್ಪಿಸಿ, ತಂಗಿಯ ಮಗನನ್ನು ಬಂಗಲೆಗೆ ಕರೆಸಿಕೊಂಡರು ಎಂದು ಆಮೇಲೆ ತಿಳಿಯಿತು.

ಈಗ ನಾನು ಊರಿನಲ್ಲಿ ಕುಡುಗೋಲು, ಕತ್ತಿ ಹರಿತ ಮಾಡಿಕೊಡುತ್ತೇನೆ. ಯಾರಾದರೂ "ಕುಡುಗೋಲು ಕುಯ್ತಾ ಇಲ್ಲ" ಎಂದು ತಂದರೆ ಒಂದು ಹಿಡಿ ಹುಲ್ಲು ಕೊಟ್ಟು, "ಕುಯ್ದು ತೋರಿಸಪ್ಪ" ಅನ್ನುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ ಬಿಡಿ, ಅಷ್ಟು ಹೊತ್ತು ಅರ ಗೋಡೆಯ ಮೊಳೆಯಲ್ಲೇ ಇರುತ್ತದೆ.