ಸುವರ್ಣಗೆಡ್ಡೆಯ ಮುಹೂರ್ತ

ನಮ್ಮತ್ತೆಯ ಲೆಕ್ಕದಲ್ಲಿ ಗಿಡಗಳಿಗೆ ಎರಡೇ ಜಾತಿ. ನೆಲದ ಮೇಲೆ ಕಾಯಿ ಬಿಡುವಂಥವು, ನೆಲದೊಳಗೆ ಗೆಡ್ಡೆ ಕಟ್ಟುವಂಥವು. ಮೊದಲನೆಯದಕ್ಕೆ ಶುಕ್ಲ ಪಕ್ಷ, ಎರಡನೆಯದಕ್ಕೆ ಕೃಷ್ಣ ಪಕ್ಷ. ಕೋಲಸಿರ್ಸಿ ಕಡೆ ಶಿವರಾತ್ರಿ ಕಳೆದು ಸುವರ್ಣಗೆಡ್ಡೆ ಮೊಳಕೆ ತೋರಿಸುತ್ತಿದ್ದಂತೆ ನಾನು ಹಾರೆ ಹಿಡಿದರೆ ಜಗುಲಿಯಿಂದ ತಡೆಯಾಜ್ಞೆ: “ಈಗ ನೆಡಲಾಗ್ತಿಲ್ಯೆ ತಂಗಿ, ಹೋಳಿ ಹುಣ್ಣಿಮೆ ಕಳೀಲಿ.” ಹುಣ್ಣಿಮೆ ಕಳೆದರೆ ಮಂಗಳವಾರ ಅಡ್ಡ, ಅದು ದಾಟಿದರೆ ಏಕಾದಶಿ. ಮುಂಗಾರಿನ ಹೊತ್ತಿಗೆ ಶಿರಸಿಯಲ್ಲಿ ವನಸ್ತ್ರೀ ಬಳಗದವರು ನಡೆಸುವ ಮಲೆನಾಡು ಮೇಳದಿಂದ ಹೊಸ ಹೂವಿನ ಗಿಡ ಬಂದ ದಿನ ಮಾತ್ರ ಯಾವ ತಿಥಿಯೂ ಕೆಟ್ಟದ್ದಲ್ಲ. “ದೇವ್ರಿಗೆ ಹೂಗು ಬ್ಯಾಡ್ದನೆ?”

ಬಿದಿರನ್ನಂತೂ ಅಮಾವಾಸ್ಯೆ ಹತ್ತಿರ ಬಾರದೆ ಕಡಿಯುವಂತಿಲ್ಲ, ಕುಟ್ಟೆ ಹಿಡಿಯುತ್ತದೆ. ಕುಟ್ಟೆ ಹುಳಕ್ಕೆ ಬೇಕಾದ್ದು ಬಿದಿರೊಳಗಿನ ಪಿಷ್ಟ. ಪಿಷ್ಟಕ್ಕೂ ಚಂದ್ರನಿಗೂ ಏನು ನಂಟು? ಅತ್ತೆ ಕೇಳಲಿಲ್ಲ, ಹುಳ ಹೇಳಲಿಲ್ಲ.

ಈ ಚಂದ್ರನೇನು ನೆಚ್ಚಿಕೊಳ್ಳುವ ಆಸಾಮಿಯಲ್ಲ. ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ ಬಂತು, 2025ರಲ್ಲಿ ಮಾರ್ಚ್ 30ಕ್ಕೆ, 2026ರಲ್ಲಿ ಮಾರ್ಚ್ 19ಕ್ಕೇ. ಮಳೆ ನಕ್ಷತ್ರಗಳು ಮಾತ್ರ ಸೂರ್ಯನ ಕಡೆಯವು. ಅಶ್ವಿನಿ ಪ್ರತಿ ವರ್ಷವೂ ಏಪ್ರಿಲ್ ಮಧ್ಯಕ್ಕೇ ಹುಟ್ಟುತ್ತದೆ, ಭರಣಿ ಅದರ ಬೆನ್ನಿಗೆ. ಗೆಡ್ಡೆ ನೆಡಿಸುವವನು ಒಬ್ಬ, ನೀರು ಹನಿಸುವವನು ಇನ್ನೊಬ್ಬ! ಇಬ್ಬರ ಜಗಳ ಬಿಡಿಸಲು ಆಗಾಗ ಅಧಿಕಮಾಸ. 2026ರಲ್ಲಿ ಜ್ಯೇಷ್ಠವೇ ಎರಡು. ಅತ್ತೆ ಇದ್ದಿದ್ದರೆ ಮುಂದೂಡುವುದಕ್ಕೆ ಒಂದಿಡೀ ತಿಂಗಳು ಲಾಭ.

ಈಗ ತಿಥಿ ನೋಡುವುದು ಯಾರು? ಆಳು ಸಿಕ್ಕ ದಿನವೇ ಅಮೃತಸಿದ್ಧಿ ಯೋಗ. ಅಡಿಕೆ ತೋಟ ಎಕರೆಯಿದ್ದರೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಎಂದು ಬ್ರಿಟಿಷರ ಕಾಲದಲ್ಲೇ ನಮ್ಮ ಜಿಲ್ಲೆಗೆ ಹಕ್ಕು ಸಿಕ್ಕಿತು. ಅಲ್ಲಿಂದ ದರಕು ಗುಡಿಸಿ ತರುವವರು ಮಾತ್ರ ಸಿಗುತ್ತಿಲ್ಲ. ಕಾಳುಮೆಣಸಿನ ಹಬ್ಬು ಬಳ್ಳಿ ಕತ್ತರಿಸಿ ಕೊಟ್ಟೆಗೆ ಹಾಕುವ ಕಾಲವೂ ಇದೇ. ಫೋನು ಮಾಡಿದರೆ “ನಾಳೆ ಬರ್ತೀನ್ರಾ ಅಮ್ಮ” ಎಂಬ ಉತ್ತರ. ಆ ನಾಳೆ ಯಾವ ಪಂಚಾಂಗದಲ್ಲೂ ಅಚ್ಚಾಗಿಲ್ಲ. ಹೇಗೋ ನೆಟ್ಟು ಮುಗಿಸಿದೆವೆನ್ನಿ, ರಾತ್ರಿ ಕಾಡುಹಂದಿ ಬರುತ್ತದೆ. ಅದು ಶುಕ್ಲವನ್ನೂ ನೋಡುವುದಿಲ್ಲ, ಕೃಷ್ಣವನ್ನೂ ನೋಡುವುದಿಲ್ಲ, ಪೂರ್ತಿ ಪಕ್ಷಾತೀತ.

ಮೊನ್ನೆ ನಾಗಂದಿಗೆ ಒರೆಸುವಾಗ ಅತ್ತೆಯ ಹಳೆಯ ಪಂಚಾಂಗಗಳ ಕಟ್ಟು ಸಿಕ್ಕಿತು. ಫಾಲ್ಗುಣದ ಪುಟಗಳಲ್ಲಿ ಪೆನ್ಸಿಲ್ ಗುರುತು: ಕೆಸು, ಅರಿಶಿನ, ಶುಂಠಿ. ಪಕ್ಕದಲ್ಲಿ, ವರ್ಷ ವರ್ಷವೂ ತಪ್ಪದೆ, ಒಂದೇ ಸಾಲು: “ತಡವಾಯಿತು. ಮುಂದಿನ ವರ್ಷ ಬೇಗ ನೆಡಬೇಕು.”