ಗಾಲಿಯ ಮೇಲಣ ಮನೆ

ಮನೆಯೆಂಬುದು ಸ್ಥಾವರ, ಬಂಡಿಯೆಂಬುದು ಜಂಗಮ. ಇವೆರಡನ್ನೂ ಒಂದೇ ಚೌಕಟ್ಟಿನೊಳಗೆ ಕೂಡಿಸಬೇಕೆಂಬ ಹಂಬಲ ಮನುಷ್ಯನಿಗೆ ಹೊಸತೇನೂ ಅಲ್ಲ. ಜಾತ್ರೆಗೆ ಹೊರಟ ರೈತನ ಕಮಾನುಬಂಡಿಯಲ್ಲಿ ಹುಲ್ಲಿನ ಮೇಲೆ ಜಮಖಾನ, ಅಚ್ಚಿನ ಕೆಳಗೆ ತೂಗಾಡುವ ಲಾಟೀನು, ಮೂಲೆಯಲ್ಲಿ ಬುತ್ತಿಯ ಗಂಟು ಇರುತ್ತಿದ್ದುವು; ಮೂರು ದಿನಗಳ ಮಟ್ಟಿಗೆ ಅದೇ ಮನೆ. ಇಂಗ್ಲೆಂಡಿನಲ್ಲಿ ೧೮೮೫ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ನಿವೃತ್ತ ನೌಕಾವೈದ್ಯನು ಕೇವಲ ವಿಹಾರಕ್ಕೆಂದೇ ಕುದುರೆಗಳು ಎಳೆಯುವ ಮನೆಯೊಂದನ್ನು ಕಟ್ಟಿಸಿ, ಅದಕ್ಕೆ ಅಲೆಮಾರಿ ಎಂಬ ಅರ್ಥದ ‘ವಾಂಡರರ್’ ಎಂಬ ಹೆಸರನ್ನಿಟ್ಟನು. ೧೯೧೦ರಲ್ಲಿ ಅಮೆರಿಕದ ಪಿಯರ್ಸ್-ಆರೋ ಕಂಪೆನಿಯು ಮಲಗಲು ಬರುವ ಆಸನ, ಕೈತೊಳೆಯುವ ಬೋಗುಣಿಗಳುಳ್ಳ ಮೋಟಾರನ್ನು ಪ್ರದರ್ಶನಕ್ಕಿಟ್ಟಿತು. ೧೯೬೦ರಲ್ಲಿ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ಇಂಥದೇ ಒಂದು ಬಂಡಿಗೆ ಡಾನ್ ಕ್ವಿಕ್ಸೋಟನ ಬಡಕಲು ಕುದುರೆಯ ಹೆಸರನ್ನಿಟ್ಟು, ಜತೆಗೊಂದು ನಾಯಿಯನ್ನು ಕರೆದುಕೊಂಡು ತಮ್ಮ ದೇಶವನ್ನೆಲ್ಲ ಸುತ್ತಿ ಬಂದರು. ಆ ಪ್ರವಾಸಕಥನವು ೧೯೬೨ರಲ್ಲಿ ಅಚ್ಚಾಯಿತು. ಇಂತಹ ದೊಡ್ಡವರ ಸಾಲಿನ ತುದಿಯಲ್ಲಿ ನಮ್ಮನ್ನು ನಿಲ್ಲಿಸಿಕೊಳ್ಳುವುದು ಉದ್ಧಟತನವೆನಿಸೀತು. ಆದರೂ ನಾವೂ ಒಂದು ಮೋಟಾರು ಮನೆಯನ್ನು ಕೊಂಡಿರುವುದರಿಂದ ಅದರ ಸಂಗತಿಯನ್ನು ವಾಚಕರ ಮುಂದಿಡಲು ಮನಸ್ಸಾಗಿದೆ.

‘ನಾವು’ ಎಂದರೆ ಕಾಸರಗೋಡಿನ ಒಂದು ಹಳ್ಳಿಯ ನಿವೃತ್ತ ಅಧ್ಯಾಪಕ ದಂಪತಿಗಳು. ಒಬ್ಬರು ಗಣಿತ ಕಲಿಸಿದವರು, ಇನ್ನೊಬ್ಬರು ಕನ್ನಡ. ನಿವೃತ್ತಿಯ ಹಣ ಕೈಗೆ ಬಂದ ತಿಂಗಳಿನಿಂದ ಬೆಂಗಳೂರಿನಲ್ಲಿರುವ ಮಕ್ಕಳದು ಒಂದೇ ಮಾತು: “ಅಪ್ಪಾ, ಅಮ್ಮಾ, ಅಡಿಕೆ ತೋಟವನ್ನು ಮಾರಿ ಇಲ್ಲಿಗೆ ಬನ್ನಿ, ನಮ್ಮ ಹತ್ತಿರದಲ್ಲೇ ಒಂದು ಫ್ಲ್ಯಾಟು ನೋಡಿದ್ದೇವೆ. ಇನ್ನು ಅಲ್ಲಿ ನಿಮಗೇನಿದೆ?” ಅವರ ಪ್ರೀತಿಯಲ್ಲಿ ಕೊರತೆಯಿಲ್ಲ, ಪ್ರಶ್ನೆಯಲ್ಲಿ ಹುರುಳಿಲ್ಲದೆಯೂ ಇಲ್ಲ. ನಮ್ಮೊಡನೆ ಕೆಲಸ ಮಾಡಿದ ಅನೇಕರು ಗಡಿಯ ಆಚೆಗೆ ಹೋಗಿ ನೆಲೆಸಿದ್ದಾರೆ. ಆದರೆ ನಾವು ಪ್ರತಿ ವರ್ಷ ತರಗತಿಯಲ್ಲಿ ಮಕ್ಕಳಿಗೆ ಹೇಳುತ್ತಿದ್ದ ಮಾತೊಂದಿದ್ದಿತು: ೧೯೫೬ರ ನವಂಬರ ೧ರಂದು ನಮ್ಮ ಹಿರಿಯರ ಮನೆಗಳು ಒಂದು ಅಂಗುಲವೂ ಅಲುಗಲಿಲ್ಲ, ರಾಜ್ಯವೇ ಅವುಗಳ ಅಡಿಯಿಂದ ಸರಿಯಿತು. ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಮಲಗಿದ ಮನೆಯು ಕೇರಳದಲ್ಲಿ ಎಚ್ಚರಗೊಂಡಿತು. ಮುಂದೆ ಕಣ್ಣೂರು ಜಿಲ್ಲೆಯಲ್ಲಿದ್ದು, ೧೯೮೪ರಲ್ಲಿ ಕಾಸರಗೋಡು ಜಿಲ್ಲೆಯದಾಯಿತು. ಅಷ್ಟು ಬದಲಾವಣೆಗಳನ್ನು ಕುಳಿತಲ್ಲಿಯೇ ಕಂಡ ಮನೆಯನ್ನು ಮಾರಿಬಿಡಲು ಮನಸ್ಸೊಪ್ಪಲಿಲ್ಲ. ಇತ್ತ ಜೀವಮಾನವೆಲ್ಲ ಭೂಪಟದ ಮೇಲೆ ಕೋಲಿನಿಂದ ತೋರಿಸಿದ ಊರುಗಳನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬ ಆಸೆಯೂ ಬಿಡಲಿಲ್ಲ. ನಮ್ಮಲ್ಲೊಬ್ಬರಿಗೆ ಮೊಣಕಾಲಿನ ನೋವು; ಬಸ್ಸಿನ ಮೆಟ್ಟಿಲು, ವಸತಿಗೃಹದ ಮಹಡಿ, ದಾರಿಬದಿಯ ಶೌಚಾಲಯ, ಇವು ಮೂರೂ ಪ್ರವಾಸದ ಶತ್ರುಗಳು. ಹೀಗೆ ಲೆಕ್ಕ ಹಾಕಿ ಹಾಕಿ, ಫ್ಲ್ಯಾಟಿನ ಮುಂಗಡಕ್ಕೆಂದು ತೆಗೆದಿಟ್ಟ ಹಣದಲ್ಲಿ ಗಾಲಿಯುಳ್ಳ ಮನೆಯನ್ನು ಕೊಳ್ಳುವುದೆಂದು ನಿಶ್ಚಯಿಸಿದೆವು.

ಕೊಳ್ಳುವುದು ಸುಲಭವಾಗಿರಲಿಲ್ಲ. ಮೊದಲು ನೋಡಿದ ಬಂಡಿ ಅತಿ ಸುಂದರ. ಒಳಗೆ ಮೆತ್ತನೆಯ ಮಂಚ, ಕನ್ನಡಿಯ ಕಪಾಟು, ಬಣ್ಣದ ದೀಪ. ಆದರೆ ನೋಂದಣಿ ಪತ್ರವನ್ನು ತೆರೆದು ನೋಡಿದರೆ ಅದು ಇನ್ನೂ ಹನ್ನೆರಡು ಆಸನಗಳ ಬಸ್ಸೇ! ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನಂತೆ, ತಯಾರಕನು ನಿಗದಿಪಡಿಸಿದ ರೂಪವನ್ನು ಮಾಲೀಕನು ತನ್ನ ಇಷ್ಟದಂತೆ ಬದಲಿಸಲಾಗದು. ಅನುಮತಿ ಪಡೆದು ಮಾಡಿದ ಮಾರ್ಪಾಡು ಕೂಡ ನೋಂದಣಿ ಪತ್ರದಲ್ಲಿ ದಾಖಲಾಗಿರಬೇಕು. ದಾಖಲೆಯಲ್ಲಿ ಒಂದು, ಒಳಗೆ ಇನ್ನೊಂದು ಆದರೆ ಅಪಘಾತದ ದಿನ ವಿಮೆಯವರೊಡನೆ ವಾದಿಸುವ ಶಕ್ತಿ ನಮಗಿಲ್ಲ. ದಲ್ಲಾಳಿಯು, “ಅದೆಲ್ಲ ಯಾರು ನೋಡ್ತಾರೆ ಮಾಷ್ಟ್ರೇ?” ಎಂದನು. ನಲವತ್ತು ವರ್ಷ ಹಾಜರಿ ಪುಸ್ತಕವನ್ನು ನೋಡಿದವರಿಗೆ ಹೇಳಬೇಕಾದ ಮಾತಲ್ಲ ಅದು. ಕಡೆಗೆ ಕೊಚ್ಚಿಯ ಸಮೀಪದಲ್ಲಿ, ಪತ್ರದಲ್ಲಿಯೂ ವಾಸದ ವಾಹನವೆಂದೇ ನಮೂದಾಗಿದ್ದ ಒಂದು ಹಳೆಯ ಫೋರ್ಸ್ ಟ್ರಾವೆಲರ್ ದೊರೆಯಿತು. ನಮ್ಮ ರಾಜ್ಯದ್ದೇ ಆದುದರಿಂದ ಬೇರೆ ರಾಜ್ಯದ ನಿರಾಕ್ಷೇಪಣಾ ಪತ್ರ, ಹೊಸದಾಗಿ ತೆರಿಗೆ ಎಂಬ ತೊಡಕುಗಳಿರಲಿಲ್ಲ. ಒಟ್ಟು ತೂಕ ೭,೫೦೦ ಕಿಲೋಗ್ರಾಂ ಮೀರದ ವಾಹನವು ಕಾಯಿದೆಯ ಪ್ರಕಾರ ಹಗುರ ವಾಹನ; ನಮ್ಮದು ಅದರ ಅರ್ಧದಷ್ಟು. ಕಾರು ನಡೆಸುವ ಪರವಾನಗಿಯೇ ಸಾಕಾಯಿತು. ನೆರೆಯ ಮಕ್ಕಳು ಅದನ್ನು ಕಂಡ ದಿನವೇ ‘ಬಸವನಹುಳು’ ಎಂದು ನಾಮಕರಣ ಮಾಡಿದರು. ಬೆನ್ನ ಮೇಲೆ ಮನೆ, ನಡಿಗೆ ನಿಧಾನ, ನಾವು ಒಪ್ಪಿಕೊಂಡೆವು.

ಬಸವನಹುಳುವಿನ ಒಡಲೊಳಗೆ ಗಣಿತದ ಅಧ್ಯಾಪಕರಿಗೆ ಒಂದು ವರ್ಷದ ಪಾಠಕ್ಕಾಗುವಷ್ಟು ಲೆಕ್ಕವಿದೆ. ನೀರಿನ ತೊಟ್ಟಿ ೮೦ ಲೀಟರಿನದು. ಒಂದು ಲೀಟರು ನೀರು ಒಂದು ಕಿಲೋಗ್ರಾಂ ಆದುದರಿಂದ ತುಂಬಿದ ತೊಟ್ಟಿಯೆಂದರೆ ಇನ್ನೊಬ್ಬ ಸ್ಥೂಲಕಾಯದ ಪ್ರಯಾಣಿಕರು ಹತ್ತಿದಂತೆ. ಬಾವಿಯ ದಂಡೆಯಲ್ಲಿ ಕೊಡಗಟ್ಟಲೆ ಸುರಿದುಕೊಂಡು ಬೆಳೆದ ನಾವು, ಇಬ್ಬರಿಗೆ ದಿನಕ್ಕೆ ೨೫ ಲೀಟರಿನಲ್ಲಿ ಸ್ನಾನ, ಪಾತ್ರೆ, ಕುಡಿಯುವುದು ಎಲ್ಲವನ್ನೂ ಮುಗಿಸುವುದನ್ನು ಕಲಿತೆವು. ವಿದ್ಯುತ್ತಿನದು ಇನ್ನೂ ಸ್ವಾರಸ್ಯ. ಬ್ಯಾಟರಿಯು ೧೨ ವೋಲ್ಟು, ೧೫೦ ಆಂಪಿಯರ್-ಗಂಟೆ. ಗುಣಿಸಿದರೆ ೧,೮೦೦ ವಾಟ್-ಗಂಟೆ. ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡಿದರೆ ಅದರ ಆಯುಸ್ಸು ಕುಗ್ಗುವುದರಿಂದ ಕೈಗೆ ಸಿಗುವುದು ೯೦೦ ಮಾತ್ರ. ೨೫ ವಾಟಿನ ಪಂಖ ಎಂಟು ಗಂಟೆ ತಿರುಗಿದರೆ ೨೦೦, ದೀಪಗಳಿಗೆ ೬೦, ಪುಟ್ಟ ಶೀತಕಪಾಟಿಗೆ ದಿನವಹಿ ಸುಮಾರು ೪೦೦. ಮಾಡಿನ ಮೇಲಿನ ೨೦೦ ವಾಟಿನ ಸೌರಫಲಕವು ಒಳ್ಳೆಯ ಬಿಸಿಲಿನ ದಿನ ೮೦೦ರಷ್ಟನ್ನು ತುಂಬಿಕೊಡುತ್ತದೆ. ಮೋಡದ ದಿನ ಅರ್ಧವೂ ಇಲ್ಲ. ಆದಾಯಕ್ಕೆ ತಕ್ಕ ಖರ್ಚೆಂಬ ನೀತಿಪಾಠವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಿದ ಗುರುವನ್ನು ನಾವು ಕಂಡಿಲ್ಲ.

ಅಡುಗೆಗೆ ೫ ಕಿಲೋಗ್ರಾಮಿನ ಅನಿಲದ ಅಂಡೆ. ಈ ಅನಿಲ ಗಾಳಿಗಿಂತ ಭಾರವಾದುದು. ಸೋರಿದರೆ ಮೇಲೇರಿ ಹೋಗದೆ ನೆಲದಲ್ಲಿ ಹೊಂಚುಹಾಕಿ ಕೂಡುತ್ತದೆ. ಆದುದರಿಂದ ಅಂಡೆಯ ಗೂಡಿನ ತಳದಲ್ಲಿ ಹೊರಕ್ಕೆ ತೆರೆಯುವ ರಂಧ್ರವಿರಲೇಬೇಕು. ಒಲೆ ಉರಿಯುವಾಗ ಕಿಟಕಿ ತೆರೆದಿರಬೇಕು. ಮಲಗುವ ಮುನ್ನ ಅಂಡೆಯ ತಿರುಪು ಮುಚ್ಚಿರಬೇಕು. ಶೌಚದ ಪೆಟ್ಟಿಗೆಯು ೨೦ ಲೀಟರಿನದು. ಎರಡು ಮೂರು ದಿನಕ್ಕೊಮ್ಮೆ ಹೊರತೆಗೆದು ಸರಿಯಾದ ಶೌಚಾಲಯದಲ್ಲಿಯೇ ಬರಿದುಮಾಡಿ ತೊಳೆಯಬೇಕು, ಕಾಡಿನಲ್ಲಾಗಲಿ ತೋಡಿನಲ್ಲಾಗಲಿ ಅಲ್ಲ. ಇದನ್ನು ಬರೆಯಲು ನಾವು ಸಂಕೋಚಪಡುವುದಿಲ್ಲ. ಮೊಣಕಾಲು ನೋವಿನವರಿಗೆ ಪ್ರವಾಸದ ಪ್ರಶ್ನೆಯೆಲ್ಲ ನಿಂತಿರುವುದು ಇಲ್ಲಿಯೇ.

ಪ್ರಯೋಗಾರ್ಥವಾಗಿ ಮೊದಲ ರಾತ್ರಿಯನ್ನು ಬೇಕಲದ ಸಮೀಪ, ಪರಿಚಿತರೊಬ್ಬರ ತೆಂಗಿನ ತೋಟದಲ್ಲಿ ಕಳೆದೆವು. ಇಕ್ಕೇರಿಯ ಶಿವಪ್ಪನಾಯಕನು ಕಟ್ಟಿಸಿದ ಕೋಟೆ ಅತ್ತ, ಕಡಲಿನ ಮೊರೆತ ಇತ್ತ. ನಡುವೆ ಆರಡಿ ಉದ್ದದ ಮಂಚದಲ್ಲಿ ಇಬ್ಬರು. ಯಾವ ವಸ್ತು ಎಲ್ಲಿದೆಯೆಂದು ಕತ್ತಲಲ್ಲಿ ತಿಳಿಯದೆ ಒಬ್ಬರ ಕಾಲನ್ನು ಇನ್ನೊಬ್ಬರು ತುಳಿದರೂ, ಬೆಳಗಿನ ಕಾಫಿಯ ಹೊತ್ತಿಗೆ ಬಾಗಿಲು ತೆರೆದೊಡನೆ ಸಮುದ್ರವೇ ಅಂಗಳವಾಗಿದ್ದುದನ್ನು ಕಂಡು ಜಗಳ ಮುಂದುವರಿಯಲಿಲ್ಲ.

ನಿಜವಾದ ಪ್ರವಾಸಕ್ಕೆ ಹೊರಟುದು ಡಿಸೆಂಬರಿನಲ್ಲಿ. ಕಣ್ಣೂರು, ಕೂತುಪರಂಬ ದಾಟಿ ಪೇರ್ಯ ಘಟ್ಟವನ್ನು ಎರಡನೆಯ ಗೇರಿನಲ್ಲಿ ಏರಿ ಮಾನಂತವಾಡಿ ತಲಪಿದೆವು. ಮರುದಿನ ಸುಲ್ತಾನ್ ಬತ್ತೇರಿ. ಟಿಪ್ಪು ಸುಲ್ತಾನನು ಮದ್ದುಗುಂಡಿನ ಬತ್ತೇರಿಯನ್ನಿಟ್ಟ ಸ್ಥಳವಾದುದರಿಂದ ಊರಿಗೆ ಆ ಹೆಸರು. ನಾವು ನಮ್ಮ ಬತ್ತೇರಿಗೆ ಅಲ್ಲಿಯೇ ಬಿಸಿಲು ಕಾಯಿಸಿಕೊಂಡೆವು. ವಿಜಯನಗರ ಶೈಲಿಯ ಕಲ್ಲಿನ ಜೈನ ಬಸದಿಯ ನೆರಳಿನಲ್ಲಿ ಕುಳಿತಾಗ, ಕನ್ನಡ ನಾಡಿನಿಂದ ವಯನಾಡಿಗೆ ಬಂದು ನೆಲೆಸಿದ ಜೈನರ ನೆನಪಾಯಿತು. ಅವರೂ ಒಂದು ಕಾಲಕ್ಕೆ ಬಂಡಿಯಲ್ಲಿ ಮನೆಯನ್ನು ಹೇರಿಕೊಂಡು ಬಂದವರೇ ಅಲ್ಲವೆ?

ಗೂಡಲೂರಿನ ಮೇಲಿಂದ ನೀಲಗಿರಿಯನ್ನು ಏರಿದೆವು. ೨೦೨೪ರ ಮೇ ತಿಂಗಳಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ ಜಾರಿಗೆ ಬಂದ ಇ-ಪಾಸಿನ ವಿಷಯವನ್ನು ಮೊದಲೇ ತಿಳಿದಿದ್ದುದರಿಂದ ತನಿಖೆಯ ಕಟ್ಟೆಯಲ್ಲಿ ತೊಂದರೆಯಾಗಲಿಲ್ಲ. ಉದಕಮಂಡಲವು ಸುಮಾರು ೨,೨೪೦ ಮೀಟರು ಎತ್ತರದಲ್ಲಿದೆ. ಅಲ್ಲಿಯ ಚಳಿಗೆ ಹೆದರಿ ಕಿಟಕಿಗಳನ್ನೆಲ್ಲ ಬಿಗಿದು ಮಲಗಿದರೆ, ಬೆಳಗಾಗುವಷ್ಟರಲ್ಲಿ ನಮ್ಮದೇ ಉಸಿರಿನ ತೇವ ತಗಡಿನ ಗೋಡೆಗೆ ತಾಗಿ ಹನಿಹನಿಯಾಗಿ ಹಾಸಿಗೆಯ ಮೇಲೆ ಇಳಿಯತೊಡಗುತ್ತದೆ. ಮಾಡಿನ ಗವಾಕ್ಷಿಯನ್ನು ಎರಡು ಬೆರಳಷ್ಟು ತೆರೆದಿಡುವುದೇ ಇದಕ್ಕೆ ಮದ್ದು. ಕೋತಗಿರಿಯ ದಾರಿಯ ಒಂದು ಬಡಗ ಹಟ್ಟಿಯಲ್ಲಿ ವೃದ್ಧರೊಬ್ಬರು ತಮ್ಮ ಚಹಾ ತೋಟದ ಅಂಚಿನಲ್ಲಿ ಬಂಡಿ ನಿಲ್ಲಿಸಲು ಜಾಗ ಕೊಟ್ಟರು. ಅವರು ಬಡಗದಲ್ಲಿ, ನಾವು ಕನ್ನಡದಲ್ಲಿ ಮಾತನಾಡಿದೆವು; ನಿಧಾನವಾಗಿ ಆಡಿದರೆ ಮುಕ್ಕಾಲು ಪಾಲು ತಿಳಿಯುತ್ತಿದ್ದಿತು. ಬಡಗರೆಂದರೆ ಬಡಗು ದಿಕ್ಕಿನಿಂದ ಬಂದವರು. ಮೈಸೂರು ಸೀಮೆಯಿಂದ ಹಿರಿಯರು ಬಂದ ಕತೆಯನ್ನು ಅವರು ನಿನ್ನೆಯ ಮಾತಿನಂತೆ ಹೇಳಿದರು.

ಮೆಟ್ಟುಪಾಳ್ಯಕ್ಕೆ ಇಳಿದು, ಸತ್ಯಮಂಗಲದಿಂದ ದಿಂಬಂ ಘಟ್ಟದ ೨೭ ತಿರುವುಗಳನ್ನು ಹಗಲಿನಲ್ಲಿಯೇ ಏರಿದೆವು. ಹುಲಿಗಳ ಕಾಡಾದುದರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ, ದಾರಿಯಲ್ಲಿ ತಂಗುವಂತೆಯೂ ಇಲ್ಲ. ಘಟ್ಟದ ಮೇಲೆ ತಾಳವಾಡಿ. ೧೯೫೬ರಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲೂಕು ಮೈಸೂರಿಗೆ ಸೇರಿತು, ತಾಳವಾಡಿ ಮದರಾಸಿನಲ್ಲಿಯೇ ಉಳಿಯಿತು. ರಾಗಿ ಹೊಲ, ಕೋಸಿನ ತೋಟ, ಹಳ್ಳಿಯವರ ಮಾತು ಎಲ್ಲವೂ ಚಾಮರಾಜನಗರದ್ದೇ. ಜಿಲ್ಲೆ ಮಾತ್ರ ತಮಿಳುನಾಡಿನ ಈರೋಡು. ಅಲ್ಲಿಯ ಒಂದು ಶಾಲೆಯ ಮುಖ್ಯೋಪಾಧ್ಯಾಯರು ನಾವು ಅಧ್ಯಾಪಕರೆಂದು ತಿಳಿದು ಹುಣಿಸೆ ಮರದ ಕೆಳಗೆ ಬಂಡಿ ನಿಲ್ಲಿಸಲು ಒಪ್ಪಿದರು. ಬೆಳಗ್ಗೆ ಮಕ್ಕಳೆಲ್ಲ ಸಾಲಾಗಿ ಬಂದು ಇಣುಕಿದರು. ಒಲೆ ಮುಟ್ಟಿದರು, ಮಂಚ ಮಡಿಸಿದರು, ಪುಸ್ತಕದ ಹಲಗೆಯಿಂದ ಕತೆಪುಸ್ತಕ ಎಳೆದರು. ಆರನೆಯ ತರಗತಿಯ ಹುಡುಗಿಯೊಬ್ಬಳು ಹೊರಗೆ ನಿಂತು ನಂಬರಿನ ಫಲಕವನ್ನೇ ನೋಡುತ್ತಿದ್ದಳು.

“ಇದು ಯಾವ ರಾಜ್ಯದ ಮನೆ, ಮೇಷ್ಟ್ರೇ?”

“ನಂಬರು ಕೇರಳದ್ದು, ಮಗು.”

“ಒಳಗಿರೋರು ಕನ್ನಡ ಮಾತಾಡ್ತೀರಿ.”

“ಹೌದು.”

“ಈಗ ನಿಂತಿರೋದು ತಮಿಳ್ನಾಡಲ್ಲಿ,” ಎಂದು ಹುಡುಗನೊಬ್ಬ ನಡುವೆ ಬಾಯಿ ಹಾಕಿದನು.

ಹುಡುಗಿ ಸ್ವಲ್ಪ ಯೋಚಿಸಿ, “ಹಂಗಾದ್ರೆ ಇದೂ ನಮ್ಮನೆ ಥರಾನೇ,” ಎಂದು ಹೇಳಿ, ಆ ವಿಷಯವನ್ನು ಅಲ್ಲಿಗೇ ಬಿಟ್ಟು ಪುಸ್ತಕ ಆರಿಸಲು ಒಳಗೆ ಬಂದಳು.

ನಾವು ಇಬ್ಬರೂ ಆ ಹೊತ್ತು ಮಾತನಾಡಲಿಲ್ಲ. ಫ್ಲ್ಯಾಟೋ ತೋಟವೋ ಎಂದು ವರ್ಷಾವಧಿ ನಡೆಸಿದ ಚರ್ಚೆಯಲ್ಲಿ ನಮಗೆ ಹೊಳೆಯದ ಒಂದು ಸಂಗತಿ ಆ ಮಗುವಿಗೆ ಸಹಜವಾಗಿದ್ದಿತು. ಫಲಕ ಒಂದು, ನೆಲ ಒಂದು, ನುಡಿ ಒಂದು ಆಗಿರುವುದು ಅವಳಿಗೆ ಕೊರತೆಯಲ್ಲ, ಮನೆಯ ಲಕ್ಷಣ. ಅಂಥ ಮನೆಯಲ್ಲಿ ಹುಟ್ಟಿದವರು ಓದಲು ಪುಸ್ತಕ ಕೇಳುತ್ತಾರೆ, ಅನುಕಂಪವನ್ನಲ್ಲ. ತಂದಿದ್ದ ಮೂವತ್ತು ಪುಸ್ತಕಗಳನ್ನೂ ಶಾಲೆಯ ಕಪಾಟಿಗೆ ಒಪ್ಪಿಸಿ ಹೊರಟೆವು.

ಚಾಮರಾಜನಗರ, ಮೈಸೂರು, ಮಡಿಕೇರಿ, ಸುಳ್ಯಗಳ ದಾರಿಯಾಗಿ ಮರಳಿದೆವು. ಹನ್ನೊಂದು ದಿನ, ಸುಮಾರು ೮೦೦ ಕಿಲೋಮೀಟರು, ೮೦ ಲೀಟರಿಗೆ ತುಸು ಮೇಲ್ಪಟ್ಟು ಡೀಸೆಲು. ವಸತಿಗೆಂದು ಕೊಟ್ಟುದು ಒಂದು ಕಾಸೂ ಇಲ್ಲ. ಮಕ್ಕಳಿಗೆ ನಮ್ಮ ತೀರ್ಮಾನವನ್ನು ತಿಳಿಸಿದ್ದೇವೆ. ತೋಟ ಮಾರುವುದಿಲ್ಲ, ಮೊಮ್ಮಗುವನ್ನು ನೋಡಬೇಕೆನಿಸಿದಾಗ ಬಸವನಹುಳು ಬೆಂಗಳೂರಿಗೆ ಬರುತ್ತದೆ, ಮತ್ತೆ ತೆವಳುತ್ತ ಹಿಂದಿರುಗುತ್ತದೆ. ಮಗಳು ಫೋನಿನಲ್ಲಿ ಬಹಳ ಹೊತ್ತು ಸುಮ್ಮನಿದ್ದು, “ಕಣ್ಣು ಕಾಣುವವರೆಗೆ ಓಡಿಸಿ, ಆಮೇಲೆ ನನ್ನ ಮಾತು ಕೇಳಬೇಕು,” ಎಂದಳು. ಅದು ನ್ಯಾಯವಾದ ಕರಾರು. ವಯಸ್ಸು ಎಪ್ಪತ್ತರತ್ತ ಸಾಗುತ್ತಿದೆ. ಗೇರು ಬದಲಿಸುವ ಕೈಯೂ ಬ್ರೇಕು ತುಳಿಯುವ ಕಾಲೂ ಸದಾಕಾಲ ನಮ್ಮ ಮಾತು ಕೇಳಲಾರವು. ಇರುವಷ್ಟು ದಿನಗಳ ಲೆಕ್ಕವನ್ನು, ಬ್ಯಾಟರಿಯ ಲೆಕ್ಕದಂತೆಯೇ, ಅರ್ಧ ಉಳಿಸಿಕೊಂಡು ಹಾಕಬೇಕೆಂದು ಗಣಿತದವರ ಅಭಿಪ್ರಾಯ. ಮುಗಿಯುವ ತನಕ ಉರಿಸಬೇಕೆಂದು ಕನ್ನಡದವರದು.

ಮುಂದಿನ ಪ್ರವಾಸ ಹೊಸೂರು, ಮಡಕಶಿರಾ, ರಾಯದುರ್ಗಗಳ ಕಡೆಗೆ. ಆ ಸೀಮೆಯ ಅಧ್ಯಾಪಕ ಮಿತ್ರರಲ್ಲಿ ನಮ್ಮ ಅರಿಕೆ ಇಷ್ಟೇ: ನಿಮ್ಮ ಶಾಲೆಯ ಬಳಿ ಒಂದು ಮರದ ನೆರಳು, ೮೦ ಲೀಟರು ನೀರು, ಶುಚಿಯಾದ ಒಂದು ಶೌಚಾಲಯ ಇದ್ದರೆ ಈ ಪತ್ರಿಕೆಯ ಮೂಲಕ ತಿಳಿಸಿರಿ. ಮಕ್ಕಳಿಗೆ ಎಂತಹ ಪುಸ್ತಕಗಳು ಬೇಕೆಂಬುದನ್ನೂ ಬರೆಯಿರಿ. ಬರಿದಾದ ಹಲಗೆಯನ್ನು ಮತ್ತೆ ತುಂಬಿಸತೊಡಗಿದ್ದೇವೆ.